ಅಳಿವೆಯ ಊರಿನಲ್ಲಿ ಐದು ದಿನ

ಮೊದಲ ದಿನ: ಎರಡು ನದಿ, ಒಂದು ಬಾಗಿಲು

ಬೆಂಗಳೂರಿನಿಂದ ರಾತ್ರಿ ಹೊರಟ ರೈಲು ಸಕಲೇಶಪುರದ ಘಟ್ಟವನ್ನು ಕತ್ತಲಿನಲ್ಲಿಯೇ ಇಳಿದು, ಮಂಗಳೂರು ಸೇರುವಾಗ ಬಿಸಿಲು ಏರಿತ್ತು. ಈ ಊರಿಗೆ ನಾನು ಹಲವು ಬಾರಿ ಬಂದವನು. ಆದರೆ ಮದುವೆ, ಮುಂಜಿ, ಕಚೇರಿ ಕೆಲಸವೆಂದು ಬಂದು ಮರುದಿನವೇ ಹೊರಟುಬಿಡುತ್ತಿದ್ದೆ. ಈ ನವೆಂಬರಿನಲ್ಲಿ ಮಾತ್ರ ಐದು ದಿನಗಳನ್ನು ಬೇರೆ ಯಾವುದಕ್ಕೂ ಕೊಡದೆ, ಬಂದರಿನ ಚರಿತ್ರೆಯನ್ನು ಅದು ನಡೆದ ಅನುಕ್ರಮದಲ್ಲಿಯೇ ಕಾಲ್ನಡಿಗೆಯಲ್ಲಿ ನೋಡಬೇಕೆಂದು ನಿಶ್ಚಯಿಸಿಕೊಂಡಿದ್ದೆ. ಹಾಗೆ ನೋಡುವವನು ಎಲ್ಲಿಂದ ಆರಂಭಿಸಬೇಕು ಎಂಬ ಬಗ್ಗೆ ನನಗೆ ಸಂದೇಹವಿರಲಿಲ್ಲ. ಕೋಟೆ, ಗುಡಿ, ಇಗರ್ಜಿಗಳೆಲ್ಲ ಆಮೇಲಿನವು. ಮೊದಲು ಇದ್ದದ್ದು ಅಳಿವೆ, ಹೊಳೆ ಕಡಲು ಸೇರುವ ಬಾಯಿ.

ಹಳೆಯ ಬಂದರಿನಿಂದ ಕಸಬಾ ಬೆಂಗ್ರೆಗೆ ಹೋಗುವ ದೋಣಿ ಹತ್ತಿದೆ. ಒಂದು ಪಕ್ಕ ಗುರುಪುರ ಹೊಳೆ, ಇನ್ನೊಂದು ಪಕ್ಕ ಅರಬ್ಬೀ ಸಮುದ್ರ, ನಡುವೆ ನಾಲಗೆಯಂತೆ ಚಾಚಿಕೊಂಡ ಮರಳ ಪಟ್ಟಿಯೇ ಬೆಂಗ್ರೆ. ಅದರ ತೆಂಕಣ ತುದಿಯವರೆಗೆ ನಡೆದರೆ, ಪೂರ್ವದಿಂದ ಬರುವ ನೇತ್ರಾವತಿಯೂ ಬಡಗಣಿಂದ ಬರುವ ಗುರುಪುರ ಹೊಳೆಯೂ ಕೂಡಿ ಒಂದೇ ಬಾಗಿಲಿನಿಂದ ಕಡಲಿಗೆ ಹೋಗುವುದು ಕಣ್ಣಿಗೆ ಕಟ್ಟುತ್ತದೆ. ಗುರುಪುರ ಹೊಳೆಗೆ ಫಲ್ಗುಣಿ ಎಂಬ ಹೆಸರೂ ಇದೆ. ಎದುರು ದಡ ಉಳ್ಳಾಲದ್ದು. ಎರಡೂ ಕಡೆಯಿಂದ ಕಲ್ಲು ಪೇರಿಸಿ ತಡೆಗೋಡೆ ಕಟ್ಟಿದ್ದಾರೆ. ಆದರೂ ನೀರಿನ ಬಣ್ಣವನ್ನು ಗಮನಿಸಿದರೆ ಸಾಕು, ಆಳ ಎಲ್ಲಿದೆ, ಮರಳ ದಿಬ್ಬ ಎಲ್ಲಿ ಬೆನ್ನೆತ್ತಿದೆ ಎಂಬುದು ತಿಳಿಯುತ್ತದೆ. ದಿಬ್ಬದ ಮೇಲೆ ಅಲೆ ಬೆಳ್ಳಗೆ ಒಡೆಯುತ್ತಲೇ ಇರುತ್ತದೆ.

ದಡದಲ್ಲಿ ಬಲೆ ಸರಿಪಡಿಸುತ್ತ ಕುಳಿತಿದ್ದ ಹಿರಿಯರೊಬ್ಬರನ್ನು ಮಾತನಾಡಿಸಿದೆ. ಪ್ಲಾಸ್ಟಿಕ್ಕಿನ ಸೂಜಿಯಲ್ಲಿ ನೂಲು ಸುತ್ತಿಕೊಂಡು, ಹರಿದ ಕಣ್ಣುಗಳನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದು, ಒಂದೊಂದೇ ಗಂಟು ಹಾಕುತ್ತಿದ್ದ ಅವರು ತಲೆ ಎತ್ತದೆಯೇ ಹೇಳಿದರು: "ಸಮುದ್ರಕ್ಕೆ ಎಂತ ಹೆದರಲಿಕ್ಕೆ ಉಂಟು ಮಾರಾಯ್ರೆ? ಹೆದರುವುದು ಈ ಬಾಗಿಲಿಗೆ. ದೋಣಿ ಮಗುಚುವುದೆಲ್ಲ ಇಲ್ಲಿಯೇ, ಮನೆ ಕಾಣುವ ಜಾಗದಲ್ಲಿ."

ಮುಂದಿನ ನಾಲ್ಕು ದಿನ ನಾನು ಎಲ್ಲಿಗೆ ಹೋದರೂ ಈ ಮಾತು ಜೊತೆಗೇ ಇತ್ತು. ಮಂಗಳೂರು ದೊಡ್ಡ ಬಂದರಾದದ್ದು ಅಳಿವೆ ಒಳ್ಳೆಯದಾಗಿದ್ದುದರಿಂದ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಿಜದಲ್ಲಿ ಈ ಅಳಿವೆ ಎಂದೂ ಸುಲಭದ್ದಾಗಿರಲಿಲ್ಲ. ಮಳೆಗಾಲದಲ್ಲಿ ಮುಚ್ಚಿಹೋಗುವ, ಹೂಳು ತುಂಬುವ, ದೊಡ್ಡ ಹಡಗುಗಳನ್ನು ಹೊರಗೇ ನಿಲ್ಲಿಸಿಬಿಡುವ ಇಂಥ ಬಾಗಿಲಿಗೆ ಜನ ಸಾವಿರದೈನೂರು ವರ್ಷ ಬರುತ್ತಲೇ ಇದ್ದರು ಎಂದರೆ, ಅದರ ಹಿಂದಿನ ನೆಲದಲ್ಲಿ ಅಷ್ಟು ಬೆಲೆಯುಳ್ಳದ್ದೇನೋ ಇತ್ತು, ಹಡಗಿಗೂ ದಡಕ್ಕೂ ನಡುವೆ ಸರಕು ಸಾಗಿಸಬಲ್ಲ ಗಟ್ಟಿಗರೂ ಇದ್ದರು ಎಂದೇ ಅರ್ಥ.

ಊರಿಗಿರುವ ಹೆಸರುಗಳೂ ಇದನ್ನೇ ಹೇಳುತ್ತವೆ. ತುಳುವರಿಗೆ ಇದು ಕುಡ್ಲ. ಹೊಳೆಗಳು ಕೂಡುವ ಜಾಗ ಎಂದು ಅದಕ್ಕೆ ಅರ್ಥ ಹೇಳುವವರಿದ್ದಾರೆ. ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ಒಂದೇ ಊರನ್ನು ಇಷ್ಟು ಭಾಷೆಗಳು ತಮ್ಮ ತಮ್ಮ ಹೆಸರಿನಿಂದ ಕರೆಯಬೇಕಾದರೆ ಅಲ್ಲಿಗೆ ಅಷ್ಟು ದಿಕ್ಕಿನಿಂದ ಜನ ಬಂದಿರಬೇಕು. ಸಂಜೆ ಬೋಳಾರದ ಮಂಗಳಾದೇವಿ ಗುಡಿಗೆ ಹೋದೆ. ಊರಿಗೆ ಮಂಗಳೂರೆಂಬ ಹೆಸರು ಈ ದೇವಿಯಿಂದ ಬಂತು ಎಂಬುದು ಸ್ಥಳದ ನಂಬಿಕೆ. ಬರಹದಲ್ಲಿ ನೋಡುವುದಾದರೆ, 6ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಎಂಬ ವರ್ತಕ ಸನ್ಯಾಸಿ ಕರಿಮೆಣಸು ಹೊರಡುವ ಐದು ಪೇಟೆಗಳನ್ನು ಹೆಸರಿಸುವಾಗ ಅದರಲ್ಲಿ ಒಂದನ್ನು ಮಂಗರೌತ್ ಎಂದು ಬರೆದ. ಹೊರಗಿನವರ ಬಾಯಲ್ಲಿ ಊರಿನ ಹೆಸರು ಮೆಣಸಿನೊಂದಿಗೇ ಕಾಣಿಸಿಕೊಂಡಿತು.

ಎರಡನೆಯ ದಿನ: ಕದ್ರಿಯ ಕಂಚು, ಬಂದರಿನ ಪತ್ರಗಳು

ಬೆಳಿಗ್ಗೆ ಬೇಗನೆ ಕದ್ರಿಗೆ ಹೋದೆ. ಮಂಜುನಾಥ ದೇವಸ್ಥಾನದೊಳಗೆ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರ ಮೂರ್ತಿಯೊಂದಿದೆ. ಅದರ ಪೀಠದ ಸಂಸ್ಕೃತ ಶಾಸನವು, ಆಳುಪ ಅರಸ ಕುಂದವರ್ಮನು ಕದಿರಿಕೆಯ ವಿಹಾರದಲ್ಲಿ ಅದನ್ನು ಪ್ರತಿಷ್ಠಾಪಿಸಿದನೆಂದು ಹೇಳುತ್ತದೆ, ಕಾಲ ಕ್ರಿ.ಶ. 968. ವಿಹಾರವೆಂಬ ಮಾತು ಬೌದ್ಧರದ್ದು. ಬಳಿಕ ಇದೇ ಗುಡ್ಡ ನಾಥಪಂಥದ ಜೋಗಿಗಳ ನೆಲೆಯಾಯಿತು. ಇಂದು ಶೈವ ಕ್ಷೇತ್ರ. ದೀಪದ ಬೆಳಕಿನಲ್ಲಿ ಆ ಕಂಚಿನ ಮೈಯ ನಯವನ್ನೂ ಕಿರೀಟದ ಕುಸುರಿಯನ್ನೂ ನೋಡುತ್ತ ನಿಂತಾಗ, ಇಷ್ಟು ಲೋಹವನ್ನು ಇಷ್ಟು ಸೊಗಸಾಗಿ ಎರಕ ಹೊಯ್ಯಬಲ್ಲ ಕೈಗಳು ಸಾವಿರ ವರ್ಷಗಳ ಹಿಂದೆ ಈ ಕರಾವಳಿಗೆ ಪರಿಚಿತವಾಗಿದ್ದವು ಎಂಬುದು ಮನಸ್ಸಿನಲ್ಲಿ ಉಳಿಯಿತು.

ಮಧ್ಯಾಹ್ನ ಬಂದರು ಪ್ರದೇಶದಲ್ಲಿ ಅಲೆದಾಡುವಾಗ ಈ ಎರಕದ ವಿಷಯ ಮತ್ತೆ ನೆನಪಾಯಿತು. ಏಕೆಂದರೆ ಲೋಕೇಶ್ವರನ ಪ್ರತಿಷ್ಠೆಯಾಗಿ ಸುಮಾರು 160 ವರ್ಷಗಳ ನಂತರ, ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನೊಬ್ಬ ಮಂಗಳೂರಿಗೆ ಬಂದು ನೆಲೆಸಿ, ಇಲ್ಲಿ ಲೋಹದ ಪಾತ್ರೆಗಳ ಕಾರ್ಖಾನೆ ನಡೆಸಿದ. ಯೆಮನ್ನಿನ ಬಂದರಾದ ಏಡನ್ನಿನ ಪಾಲುದಾರರು ತಾಮ್ರ, ತವರ ಮತ್ತು ಒಡೆದ ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸುತ್ತಿದ್ದರು. ಇಲ್ಲಿನ ಕುಶಲಕರ್ಮಿಗಳು ಅದನ್ನು ಕರಗಿಸಿ ಹೇಳಿದ ಮಾದರಿಯ ಪಾತ್ರೆ ಮಾಡಿ ಹಿಂದಕ್ಕೆ ಕಳುಹಿಸುತ್ತಿದ್ದರು. ಜೊತೆಗೆ ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ. ಅಲ್ಲಿಂದ ಅವನಿಗೆ ಬರುತ್ತಿದ್ದವುಗಳಲ್ಲಿ ಸಕ್ಕರೆ, ಒಣದ್ರಾಕ್ಷಿಗಳೊಂದಿಗೆ ಬರೆಯುವ ಕಾಗದವೂ ಇತ್ತು. ತಾಳೆಗರಿಯ ಮೇಲೆ ಬರೆಯುತ್ತಿದ್ದ ನಾಡಿನಲ್ಲಿ ಅವನಿಗೆ ಬೇಕಾದ ಕಾಗದವನ್ನು ಕಡಲಾಚೆಯಿಂದಲೇ ತರಿಸಬೇಕಿತ್ತು.

ಇವೆಲ್ಲ ನಮಗೆ ತಿಳಿದದ್ದು ಕೈರೋದಲ್ಲಿ ಉಳಿದ ಪತ್ರಗಳಿಂದ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹಾಳುಮಾಡಬಾರದೆಂದು ಅಲ್ಲಿನ ಯಹೂದಿ ಪ್ರಾರ್ಥನಾ ಮಂದಿರವಾದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಕಾಗದಗಳನ್ನು ಒಟ್ಟುತ್ತ ಬಂದರು. ಬೆನ್ ಯಿಜುವಿನ ಲೆಕ್ಕಪತ್ರಗಳೂ ಅದರಲ್ಲಿ ಸೇರಿಕೊಂಡವು. 1132ರ ಅಕ್ಟೋಬರಿನಲ್ಲಿ ಅವನು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರವೂ ಹೀಗೆಯೇ ಉಳಿದಿದೆ. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯಾಪಾರ ಮಾಡಿ ಬರುತ್ತಿದ್ದ ಆಳಿನ ಹೆಸರನ್ನು ವಿದ್ವಾಂಸರು ಬೊಮ್ಮ ಎಂದು ಓದಿದ್ದಾರೆ. ಏಡನ್ನಿನ ದೊಡ್ಡ ವರ್ತಕರು ತಮ್ಮ ಪತ್ರಗಳ ಕೊನೆಯಲ್ಲಿ ಅವನಿಗೂ ಕ್ಷೇಮ ಕೋರುತ್ತಾರೆ. ಶಾಸನಗಳಲ್ಲಿ ಅರಸರು, ದಾನಿಗಳು, ವೀರರು ಮಾತ್ರ ಕಾಣಿಸುವ 12ನೆಯ ಶತಮಾನದಲ್ಲಿ, ಒಬ್ಬ ಬೊಮ್ಮ ಮತ್ತು ಒಬ್ಬಳು ಆಶು ಹೀಗೆ ಹೆಸರು ಸಮೇತ ಉಳಿದುಕೊಂಡದ್ದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಬೆನ್ ಯಿಜು 1149ರಲ್ಲಿ ಏಡನ್ನಿಗೆ ಮರಳಿದ. ಅವನ ಕಾರ್ಖಾನೆ ಇದ್ದ ಜಾಗ ಇದೇ ಎಂದು ಬೆರಳಿಟ್ಟು ತೋರಿಸುವ ಯಾವ ಗುರುತೂ ಇಂದು ಬಂದರಿನಲ್ಲಿ ಕಾಣುವುದಿಲ್ಲ. ಮೆಣಸು, ಅಡಿಕೆ, ಒಣಮೀನುಗಳ ವಾಸನೆ ಬೆರೆತ ಕಿರಿದಾದ ಬೀದಿಗಳಲ್ಲಿ, ಗೋಣಿಚೀಲ ಹೊತ್ತವರಿಗೆ ದಾರಿ ಬಿಡುತ್ತ ಬಹಳ ಹೊತ್ತು ಸುತ್ತಿದೆ.

ಅಲ್ಲಿಯೇ ಇರುವ ಝೀನತ್ ಬಕ್ಷ್ ಮಸೀದಿ, ಪ್ರವಾದಿಯವರ ನಂತರದ ಮೊದಲ ತಲೆಮಾರಿನಲ್ಲಿಯೇ ಅರಬ್ ವರ್ತಕರು ಸ್ಥಾಪಿಸಿದ್ದು ಎಂಬ ಐತಿಹ್ಯವಿದೆ. ಇಂದಿನ ಹೆಸರು ಟಿಪ್ಪುವಿನ ಕಾಲದ್ದು. ಒಳಗಿನ ಮರದ ಕಂಬಗಳ ಕೆತ್ತನೆಯನ್ನು ನೋಡಿದರೆ ತುಳುನಾಡಿನ ಗುಡಿಗಳಲ್ಲಿ, ಗುತ್ತಿನ ಮನೆಗಳಲ್ಲಿ ಕೆಲಸ ಮಾಡಿದ ಆಚಾರಿಗಳ ಕೈಯೇ ಇಲ್ಲಿಯೂ ಆಡಿದೆ ಎನ್ನಿಸುತ್ತದೆ. 1342ರ ಸುಮಾರಿಗೆ ಇಲ್ಲಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ, ಈ ನಾಡಿನಲ್ಲೇ ಅತಿ ದೊಡ್ಡದಾದ ಅಳಿವೆಯ ದಡದಲ್ಲಿ ಈ ಊರಿದೆ, ಪರ್ಷಿಯಾ ಮತ್ತು ಯೆಮನ್ನಿನ ಬಹುಪಾಲು ವರ್ತಕರು ಇಳಿಯುವುದು ಇಲ್ಲಿಯೇ, ಮೆಣಸು ಮತ್ತು ಶುಂಠಿ ಹೇರಳ ಎಂದು ಬರೆದಿದ್ದಾನೆ. ಅವನ ಪ್ರಕಾರ ನಾಲ್ಕು ಸಾವಿರದಷ್ಟು ಮುಸ್ಲಿಮರು ಊರ ಬದಿಯಲ್ಲಿ ವಾಸವಾಗಿದ್ದರು. ಊರವರಿಗೂ ಅವರಿಗೂ ಆಗಾಗ ಜಗಳವಾಗುತ್ತಿತ್ತು. ಆದರೆ ವರ್ತಕರು ತನಗೆ ಬೇಕಾದವರೆಂದು ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ. ಬಂದರಿನ ಸಹಬಾಳ್ವೆಯನ್ನು ಇಷ್ಟು ನೇರವಾಗಿ, ಸಿಹಿ ಬೆರೆಸದೆ ಹೇಳಿದ ಬೇರೆ ಮಾತನ್ನು ನಾನು ಓದಿಲ್ಲ. ಬತೂತನೂ ಹುಷಾರಿಯವನು. ಅರಸನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸುವವರೆಗೆ ಅವನು ದಡಕ್ಕೆ ಕಾಲಿಡಲಿಲ್ಲ.

ವಿಜಯನಗರದ ಕಾಲಕ್ಕೆ ಈ ಬಂದರಿನ ದೊಡ್ಡ ಸರಕು ಅಕ್ಕಿಯೂ ಆಗಿತ್ತು. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ, ಇಲ್ಲಿ ಹಡಗುಗಳು ತುಂಬಿಕೊಳ್ಳುವ ಕಪ್ಪು ಅಕ್ಕಿ ಬಿಳಿಯ ಅಕ್ಕಿಗಿಂತ ಉತ್ತಮ ಮತ್ತು ಆರೋಗ್ಯಕರ ಎಂದು ಬರೆದ. ರಾತ್ರಿ ಊಟಕ್ಕೆ ಕುಳಿತ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಬಡಿಸಿದಾಗ, ಅವನು ಕಪ್ಪು ಎಂದದ್ದು ಈ ಕೆಂಪು ಅಕ್ಕಿಯನ್ನೇ ಇರಬೇಕೆಂದು ನಾನು ತೀರ್ಮಾನಿಸಿಕೊಂಡೆ.

ಮೂರನೆಯ ದಿನ: ಕೋಟೆಗಳ ಕಾಲ

ಬಸ್ಸು ನೇತ್ರಾವತಿಯ ಸೇತುವೆ ದಾಟಿ ಉಳ್ಳಾಲಕ್ಕೆ ಕರೆದೊಯ್ದಿತು. ಅಕ್ಕಿ, ಮೆಣಸುಗಳ ಈ ಬಾಗಿಲನ್ನು ಯಾರು ಕಾಯಬೇಕು ಎಂಬ ಹೋರಾಟ ಬಿರುಸಾದದ್ದು ಪೋರ್ಚುಗೀಸರು ಬಂದ ಮೇಲೆ. ತಮ್ಮ ಪರವಾನಗಿ ಚೀಟಿಯಿಲ್ಲದೆ ಯಾವ ಹಡಗೂ ಕಡಲಿಗಿಳಿಯಬಾರದು ಎಂದು ಅವರು ಕಟ್ಟುಮಾಡಿದರು. ಕರಾವಳಿಯ ಅರಸರಿಂದ ಅಕ್ಕಿಯನ್ನು ಕಪ್ಪವಾಗಿ ಕೇಳಿದರು. ಒಪ್ಪದೆ ನಿಂತವರಲ್ಲಿ, ತಾಯಿಯ ಕಡೆಯಿಂದ ಹಕ್ಕು ಬರುವ ಅಳಿಯಕಟ್ಟಿನ ಚೌಟ ಮನೆತನದ, ಉಳ್ಳಾಲದ ರಾಣಿ ಅಬ್ಬಕ್ಕ ಮುಖ್ಯಳು. ಆಕೆಯ ಬಗ್ಗೆ ಜನಪದ ಉಳಿಸಿಕೊಂಡ ಕಥೆಗಳು ಬಹಳ, ಅವುಗಳಲ್ಲಿ ಒಬ್ಬರಿಗಿಂತ ಹೆಚ್ಚು ಅಬ್ಬಕ್ಕರು ಒಂದಾಗಿರುವುದೂ ಉಂಟು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ. ಆಕೆ ಸಿಂಹಾಸನದ ಮೇಲಿರಲಿಲ್ಲ. ಬರಿಗಾಲಿನಲ್ಲಿ, ಗರಿಯ ಕೊಡೆಯ ನೆರಳಿನಲ್ಲಿ ನಡೆಯುತ್ತ, ತೋಡು ಅಗೆಯುವ ಕೆಲಸ ನೋಡಲು ಹೊರಟಿದ್ದಳು. ಉಳ್ಳಾಲದಲ್ಲಿರುವ ಆಕೆಯ ಪ್ರತಿಮೆಯ ಮುಂದೆ ನಿಂತಾಗ ನನ್ನ ಕಣ್ಣಿಗೆ ಬಂದದ್ದು ಆ ಬರಿಗಾಲಿನ ನಡಿಗೆಯೇ.

ಪೋರ್ಚುಗೀಸರು 1568ರಲ್ಲಿ ಮಂಗಳೂರಿನಲ್ಲಿ ಸೇಂಟ್ ಸೆಬಾಸ್ಟಿಯನ್ ಕೋಟೆ ಕಟ್ಟಿದರು. ರೊಸಾರಿಯೋ ಇಗರ್ಜಿಯ ಮೂಲವೂ ಅದೇ ವರ್ಷದ್ದು. 17ನೆಯ ಶತಮಾನದ ಮಧ್ಯದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಹೊರದೂಡಿದ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಬಂದರೂ ದಕ್ಕಿತು. ನೌಕಾಪಡೆಯ ಕನಸು ಕಂಡ ಅವನು ಇಲ್ಲಿ ಹಡಗು ಕಟ್ಟಿಸತೊಡಗಿದ. 1783ರಲ್ಲಿ ಬ್ರಿಟಿಷರು ಊರನ್ನು ವಶಪಡಿಸಿಕೊಂಡರು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1784ರ ಜನವರಿಯಲ್ಲಿ ಕೋಟೆಯನ್ನು ಬಿಡಿಸಿಕೊಂಡ. ಆ ವರ್ಷದ ಮಾರ್ಚ್ 11ರಂದು ಸಹಿಯಾದ ಮಂಗಳೂರು ಒಪ್ಪಂದದ ಪ್ರಕಾರ ಎರಡೂ ಕಡೆಯವರು ಗೆದ್ದದ್ದನ್ನು ಪರಸ್ಪರ ಮರಳಿಸಬೇಕಾಯಿತು. ಅದೇ ಫೆಬ್ರವರಿಯಲ್ಲಿ, ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಈ ಕರಾವಳಿಯ ಸಾವಿರಾರು ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು. ಬದುಕಿ ಉಳಿದವರು ಮರಳಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಈ ಊರಿನ ಕ್ರೈಸ್ತ ಕುಟುಂಬಗಳಲ್ಲಿ ಆ ಹದಿನೈದು ವರ್ಷಗಳ ನೆನಪು ಇಂದಿಗೂ ಹಸಿಯಾಗಿದೆ. ಬಂದರಿನ ಕಥೆ ಹೇಳುವವರು ಅದನ್ನು ಬಿಟ್ಟು ಮುಂದೆ ಹೋಗಬಾರದು.

ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆ. ಕೋಟೆ ಎಂದು ಕೇಳಿ ಬಂದವರಿಗೆ ಇದು ಬಹಳ ಸಣ್ಣದೆನ್ನಿಸಬಹುದು. ಗುರುಪುರ ಹೊಳೆಗೆ ಮುಖಮಾಡಿ ನಿಂತ ಕಪ್ಪು ಕಲ್ಲಿನ ಕಾವಲು ಬುರುಜು, ಮೇಲೆ ಹತ್ತಲು ಮೆಟ್ಟಿಲು, ಸುತ್ತಲೂ ಫಿರಂಗಿಯ ಕಂಡಿಗಳು, ಕೆಳಗೆ ಮದ್ದು ಇಡುವ ಜಾಗ. ಹೊಳೆಯೊಳಗೆ ಯುದ್ಧನೌಕೆ ನುಗ್ಗದಂತೆ ಟಿಪ್ಪು ಕಟ್ಟಿಸಿದ್ದು. ಒಂದು ಕಂಡಿಯಲ್ಲಿ ಮುಖವಿಟ್ಟು ನೋಡಿದೆ: ಹೊಳೆ, ಆಚೆ ತಣ್ಣೀರುಬಾವಿಯ ತೆಂಗಿನ ಸಾಲು, ಅದರಾಚೆ ಕೇಳಿಸುವ, ಆದರೆ ಕಾಣದ ಕಡಲು. ಕಾವಲಿನವನು ನೋಡುತ್ತಿದ್ದದ್ದೂ ಇಷ್ಟನ್ನೇ.

ನಾಲ್ಕನೆಯ ದಿನ: ಅಚ್ಚು ಮತ್ತು ಹೆಂಚು

1799ರಲ್ಲಿ ಊರು ಕಂಪನಿಯ ಆಳ್ವಿಕೆಗೆ ಬಂತು. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಬಂದು ಬಾವುಟಗುಡ್ಡೆಯ ಮೇಲೆ ತನ್ನ ಬಾವುಟ ಹಾರಿಸಿ ಕೆಲವು ದಿನ ಊರನ್ನು ಹಿಡಿದಿಟ್ಟುಕೊಂಡಿತು. ಆ ದಿಬ್ಬದಿಂದ ನಾನು ಬಲ್ಮಠದ ಕಡೆಗೆ ನಡೆದೆ. 1834ರಲ್ಲಿ ಬಂದಿಳಿದ, ಸ್ವಿಟ್ಜರ್ಲೆಂಡಿನಲ್ಲಿ ನೆಲೆಯಿದ್ದು ಜರ್ಮನರು ಬಹಳವಿದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಇಲ್ಲಿ ಕಲ್ಲಚ್ಚು ತಂದಿಟ್ಟರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಮುದ್ರಣವಾದದ್ದೂ ಈ ಊರಿನ ಮುದ್ರಣಾಲಯದಲ್ಲಿಯೇ. ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರುವ ಊರು ಕನ್ನಡಕ್ಕೆ ಇಷ್ಟು ಕೊಟ್ಟಿದೆ ಎಂಬುದನ್ನು ಘಟ್ಟದ ಮೇಲಿನ ನಾವು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಮಧ್ಯಾಹ್ನ ಜೆಪ್ಪುವಿನ ಕಡೆ, ನೇತ್ರಾವತಿಯ ದಡಕ್ಕೆ. 1865ರಲ್ಲಿ ಇಲ್ಲಿಯೇ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾಯಿತು. ಬಂದರಿಗೆ ತೊಡಕಾಗಿದ್ದ ಹೊಳೆಯೇ ಕಾರ್ಖಾನೆಗೆ ಎಲ್ಲವನ್ನೂ ಒದಗಿಸಿತು: ದಡದ ಅಂಟುಮಣ್ಣು, ಆ ಮಣ್ಣನ್ನೂ ಒಲೆಯ ಸೌದೆಯನ್ನೂ ಹೊತ್ತು ತರುವ ದೋಣಿಯ ದಾರಿ, ಸುಟ್ಟ ಹೆಂಚು ಕಡಲಿಗೆ ಇಳಿಯುವ ದಾರಿ. ಹಳೆಯ ಮನೆಯೊಂದನ್ನು ಕೆಡವುತ್ತಿದ್ದ ಕಡೆ ರಾಶಿ ಹಾಕಿದ್ದ ಹೆಂಚುಗಳಲ್ಲಿ ಒಂದನ್ನು ಕೈಗೆತ್ತಿಕೊಂಡೆ. ಮೇಲ್ಮೈಯಲ್ಲಿ ನೀರು ಹರಿಯಲು ಎರಡು ಕಾಲುವೆ, ಅಂಚಿನಲ್ಲಿ ಪಕ್ಕದ ಹೆಂಚಿನೊಂದಿಗೆ ಕೂಡಿಕೊಳ್ಳುವ ಕಚ್ಚು, ಬೆನ್ನಿನಲ್ಲಿ ರೀಪಿಗೆ ಸಿಕ್ಕಿಸುವ ಮೂಗು. ನಡುವೆ ಉಬ್ಬಕ್ಷರದಲ್ಲಿ ಊರಿನ ಹೆಸರು. ತಿರುಗಿಸಿ ನೋಡಿದರೆ, ಹಸಿಯಿದ್ದಾಗ ಯಾರೋ ಎತ್ತಿಟ್ಟ ನಾಲ್ಕು ಬೆರಳುಗಳ ಗುರುತು ಹಾಗೆಯೇ ಸುಟ್ಟು ಗಟ್ಟಿಯಾಗಿತ್ತು. ಬೆರಳುಗಳು ಸಣ್ಣವು, ಹೆಂಗಸಿನದ್ದೋ ಹುಡುಗನದ್ದೋ ತಿಳಿಯದು. ಹುಲ್ಲು ಮಾಡಿನ ಕೆಳಗೆ ಬೆಂಕಿಗೂ ಮಳೆಗೂ ಹೆದರಿ ಬದುಕುತ್ತಿದ್ದ ಕರಾವಳಿಗೆ ಈ ಹೆಂಚು ದೊಡ್ಡ ನೆಮ್ಮದಿ ತಂದಿತು. ಸಿಲೋನಿಗೆ, ಪೂರ್ವ ಆಫ್ರಿಕಾಕ್ಕೆ ಊರಿನ ಹೆಸರನ್ನು ಹೊತ್ತು ಹೋಯಿತು. ಒಂದನೆಯ ಮಹಾಯುದ್ಧ ಬಂದಾಗ ಶತ್ರು ಆಸ್ತಿಯೆಂದು ಮಿಷನ್ನಿನ ಕಾರ್ಖಾನೆಗಳು ಕೈತಪ್ಪಿದವು. ಅಷ್ಟರೊಳಗೆ ಊರಿನವರೇ ನಡೆಸುವ ಹೆಂಚಿನ ಕಾರ್ಖಾನೆಗಳು ಎರಡೂ ಹೊಳೆಗಳ ದಡದಲ್ಲಿ ಎದ್ದಿದ್ದವು.

ಕೊಡಗು, ಚಿಕ್ಕಮಗಳೂರುಗಳ ಕಾಫಿ ಎತ್ತಿನ ಗಾಡಿಗಳಲ್ಲಿ ಇಳಿದು ಬಂದು, ಇಲ್ಲಿ ಹದಗೊಂಡು ಹಡಗೇರುತ್ತಿತ್ತು. ಉಗಿಹಡಗುಗಳು ಅಳಿವೆಯ ಒಳಗೆ ಬರಲಾಗದೆ ಹೊರಗೆ ಕಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು. ಸರಕು ದೋಣಿಗಳು ಮೂಟೆಗಳನ್ನು ಅಲ್ಲಿಯವರೆಗೆ ಒಯ್ಯಬೇಕಿತ್ತು, ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. 1907ರಲ್ಲಿ ರೈಲು ಬಂದದ್ದು ತೆಂಕಣ ದಿಕ್ಕಿನಿಂದ, ಮದರಾಸಿನ ಕಡೆಯಿಂದ; ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿದಾಗ, ಆ ರಾಜ್ಯಕ್ಕೆ ದೊಡ್ಡ ಬಂದರಿನ ಅಗತ್ಯ ಎದ್ದು ಕಾಣತೊಡಗಿತು.

ಐದನೆಯ ದಿನ: ದಕ್ಕೆ, ಪಣಂಬೂರು, ಮಂಜಿ

ನಸುಕಿಗೆ ದಕ್ಕೆಗೆ, ಎಂದರೆ ಮೀನಿನ ದೋಣಿಗಳು ಬಂದು ನಿಲ್ಲುವ ಕಟ್ಟೆಗೆ ಹೋದೆ. ಪರ್ಸೀನ್ ಬೋಟುಗಳಿಂದ ಬಂಗುಡೆ, ಬೂತಾಯಿ ಬುಟ್ಟಿ ಬುಟ್ಟಿಯಾಗಿ ಇಳಿಯುತ್ತಿತ್ತು. ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದಿನ ಮೇಲೆ ಹರಾಜಿನ ಕೂಗು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅಲೆ ತಾನೇ ಹಾಕುತ್ತಿದ್ದ ನಿಷೇಧಕ್ಕೆ ಇಂದು ಮೀನಿನ ಸಂತಾನ ಉಳಿಸುವ ಕಾನೂನೂ ಸೇರಿದೆ.

ಪಣಂಬೂರಿನದ್ದು ಬೇರೆಯೇ ಲೋಕ. ಅಳಿವೆಯನ್ನು ನಂಬಿ ಪ್ರಯೋಜನವಿಲ್ಲವೆಂದು, ಅದರಿಂದ ಬಡಗಣಕ್ಕೆ ನೆಲವನ್ನೇ ಅಗೆದು ಕೊಳ ಮಾಡಿ, ಕಡಲಿನಿಂದ ಅದಕ್ಕೆ ಕಾಲುವೆ ತೋಡಿ ಕಟ್ಟಿದ ಬಂದರು ಇದು. ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಇದಕ್ಕಾಗಿ ಪಟ್ಟು ಹಿಡಿದು ದುಡಿದರು, ಕೆಲಸ ಮುಗಿಯುವ ಮೊದಲೇ ತೀರಿಕೊಂಡರು. 1974ರ ಮೇ 4ರಂದು ಇದು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಣೆಯಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಅದಿರು ಕೆಸರಾಗಿ 67 ಕಿಲೋಮೀಟರ್ ಕೊಳವೆಯಲ್ಲಿ ಹರಿದು ಇಲ್ಲಿಗೆ ಬರುತ್ತಿತ್ತು. ಆ ಗಣಿ 2005ರ ಕೊನೆಗೆ ಮುಚ್ಚಿತು. ಈಗ ಮುಖ್ಯವಾಗಿ ಬರುವುದು ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು. ಈ ಬಂದರಿಗಾಗಿ, ಕಾರ್ಖಾನೆಗಳಿಗಾಗಿ ಮನೆ, ಗದ್ದೆ, ದೈವಸ್ಥಾನಗಳನ್ನು ಬಿಟ್ಟು ಎದ್ದುಹೋದ ಕುಟುಂಬಗಳ ನೋವು ಇಲ್ಲಿನ ಮಾತಿನಲ್ಲಿ ಬೇಗನೆ ಮೇಲೆ ಬರುತ್ತದೆ. ಬೇಲಿಯ ಹೊರಗೆ ನಿಂತು, ಐದಾರು ಅಂತಸ್ತಿನ ಎತ್ತರದ ಹಡಗೊಂದು ಕಟ್ಟಿಹಾಕಿದ ಹಸುವಿನಂತೆ ಸುಮ್ಮನೆ ನಿಂತಿರುವುದನ್ನು ನೋಡಿದೆ. ಸನಿಹದಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ.

ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗದೆ ಸಂಜೆ ಮತ್ತೆ ಹಳೆಯ ಬಂದರಿಗೇ ಬಂದೆ. ಮಂಜಿಯೊಂದು, ಮರದ ಸರಕು ಹಡಗು, ಲಕ್ಷದ್ವೀಪಕ್ಕೆ ಹೊರಡುವುದರಲ್ಲಿತ್ತು. ನೀರುಳ್ಳಿ, ಬಟಾಟೆ, ಅಕ್ಕಿ, ಸಿಮೆಂಟು, ಜಲ್ಲಿ. ಹಲಗೆಯ ಮೇಲೆ ಹೆಜ್ಜೆ ಅಳೆಯುತ್ತ ಮೂಟೆ ಹೊತ್ತವರು ಇನ್ನೂ ಹತ್ತಿ ಇಳಿಯುತ್ತಿದ್ದರು. ಆ ದ್ವೀಪಗಳ ಪೈಕಿ ಅಮಿನಿದಿವಿ ಗುಂಪು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯದ್ದೇ. ದ್ವೀಪದವರು ತೆಂಗಿನ ನಾರಿನ ಹಗ್ಗ ತಂದು ಅಕ್ಕಿ ಒಯ್ಯುತ್ತಿದ್ದರು. ಆ ಅಕ್ಕಿ ಇಂದಿಗೂ ಇದೇ ಮೆಟ್ಟಿಲಿನಿಂದ ಹೋಗುತ್ತಿದೆ.

"ಯಾವಾಗ ಹೊರಡುವುದು?" ಎಂದು ಹಗ್ಗ ಸುತ್ತುತ್ತಿದ್ದ ತರುಣನನ್ನು ಕೇಳಿದೆ.

"ನೀರು ಏರಬೇಕಲ್ಲ ಸರ್," ಎಂದ ಅವನು. "ಈಗ ಹೋದರೆ ಬಾಗಿಲಲ್ಲಿ ಅಡಿ ತಾಗ್ತದೆ."

ಕಾದೆವು. ಏಳೂವರೆಯ ಹೊತ್ತಿಗೆ ಮೆಟ್ಟಿಲಿನ ಇನ್ನೊಂದು ಹಂತ ನೀರಿನಲ್ಲಿ ಮುಳುಗಿತು. ಹಗ್ಗ ಬಿಚ್ಚಿದರು. ಮಂಜಿ ಇಂಜಿನ್ನಿನ ಟಕಟಕ ಸದ್ದಿನೊಂದಿಗೆ ಬೆಂಗ್ರೆಯ ಮಗ್ಗುಲಿಗೆ ಹೋಗಿ, ತುದಿಯ ಹತ್ತಿರ ವೇಗ ತಗ್ಗಿಸಿತು. ಅದರ ಹಿಂಬದಿಯ ದೀಪ ಎರಡು ಬಾರಿ ಜೋರಾಗಿ ಮೇಲೆ ಕೆಳಗೆ ತೂಗಿ, ಆಮೇಲೆ ನೆಟ್ಟಗಾಗಿ, ಪಡುವಣಕ್ಕೆ ಸಣ್ಣದಾಗುತ್ತ ಹೋಯಿತು.